ಮನೆಯೊಳಗಿನ ರಸಾಯನ: ಪಟಿಕ, ಪನ್ನೀರು

ಕ್ಷೌರದ ನಂತರ ಹಚ್ಚುವ ಸ್ಪಿರಿಟ್ ಲೋಷನ್ ಮಸ್ಕತ್ತಿನ ಬೇಸಿಗೆಯಲ್ಲಿ ನನ್ನ ಮುಖವನ್ನು ಉರಿಸಿ ಒಣಗಿಸುತ್ತಿತ್ತು. ಕಳೆದ ತಿಂಗಳು ಅದನ್ನು ಬಿಟ್ಟು, ನಮ್ಮೂರ ಕ್ಷೌರಿಕರ ಪೆಟ್ಟಿಗೆಯಲ್ಲಿರುತ್ತಿದ್ದ ಪಟಿಕಕ್ಕೆ ಶರಣಾದೆ. ಅರಬ್ಬಿಯಲ್ಲಿ ಇದು 'ಶಬ್ಬಾ'. ಪೊಟ್ಯಾಸಿಯಂ, ಅಲ್ಯೂಮಿನಿಯಂಗಳ ಈ ಸಲ್ಫೇಟು ಪ್ರೋಟೀನನ್ನು ಹೆಪ್ಪುಗಟ್ಟಿಸಿ ಸಣ್ಣ ಗಾಯದ ರಕ್ತ ನಿಲ್ಲಿಸುತ್ತದೆ. ಒದ್ದೆ ಮುಖಕ್ಕೆ ಸವರಿ, ಅರ್ಧ ನಿಮಿಷ ಬಿಟ್ಟು ತೊಳೆದು, ಜಬಲ್ ಅಖ್ದರ್‌ನ ಪನ್ನೀರು ಹಚ್ಚಿದೆ. ಉರಿಯಿಲ್ಲ, ತಂಪು! ಮಣ್ಣಿನ ಒಲೆಯಲ್ಲಿ ಬಟ್ಟಿ ಇಳಿಸುವ ಈ ಪನ್ನೀರಿಗೆ ಕೊಂಚ ಹೊಗೆಯ ವಾಸನೆ. "ಮದುವೆಮನೆಯಲ್ಲಿ ಅಡುಗೆಗೆ ಕೂತಿದ್ದಿರಾ?" ಎಂದಳು ನನ್ನಾಕೆ.

ಆದರೆ ನೈಸರ್ಗಿಕವೆಂದ ಮಾತ್ರಕ್ಕೆ ನಿರಪಾಯವಲ್ಲ. ಮೊದಲು ಮೊಣಕೈ ಒಳಬದಿಗೆ ಹಚ್ಚಿ, ಒಂದು ದಿನ ಕಾದು ನೋಡಿ. ರಕ್ತ ತಗಲಿದ ಪಟಿಕ, ಬ್ಲೇಡುಗಳಿಂದ ಹೆಪಟೈಟಿಸ್-ಬಿ ಹರಡಬಹುದು. ಒಂದೇ ಕೋಣೆಯಲ್ಲಿರುವ ಬ್ರಹ್ಮಚಾರಿ ಮಿತ್ರರೇ, ಸಾರು ಹಂಚಿಕೊಳ್ಳಿ. ಪಟಿಕ ಮಾತ್ರ ಬೇಡ.