ಕೆಲಸ ಕಳೆದುಕೊಂಡವನಿಗೆ ಸಂಘದಲ್ಲಿ ಕುರ್ಚಿ ಎಲ್ಲಿದೆ?

ಭೀಮಾತೀರದ ಗಾಣಗಾಪುರದಲ್ಲಿ ದತ್ತನ ಭಕ್ತರು ಜೋಳಿಗೆ ಹಿಡಿದು ಮಧುಕರಿ ಬೇಡುತ್ತಾರೆ. ಅಲ್ಲಿ ಸಿರಿವಂತನೂ ಕೈಯೊಡ್ಡಲು ನಾಚುವುದಿಲ್ಲ. ಮಹಾರಾಷ್ಟ್ರದ ಛತ್ರಪತಿ ಸಂಭಾಜಿನಗರ ಜಿಲ್ಲೆಯಲ್ಲಿಯೂ ಒಂದು ಗಂಗಾಪುರವಿದೆ. 1985ರಲ್ಲಿ ಬಜಾಜ್ ಆಟೊ ಕಾರ್ಖಾನೆ ಆರಂಭವಾದ ವಾಳೂಜ್ ಕೈಗಾರಿಕಾ ಪ್ರದೇಶ ಈ ತಾಲ್ಲೂಕಿಗೇ ಸೇರಿದ್ದು. ಮರಾಠವಾಡಾ, ಬೀದರ್, ಕಲಬುರಗಿಗಳು 1956ರವರೆಗೆ ಒಂದೇ ಹೈದರಾಬಾದ್ ರಾಜ್ಯದಲ್ಲಿದ್ದುದರಿಂದ ನಮ್ಮವರು ಈ ನೆಲಕ್ಕೆ ಹೊಸಬರೇನಲ್ಲ. ಆದರೆ ಈ ಗಂಗಾಪುರದಲ್ಲಿ ಉದ್ಯೋಗ ಕಳೆದುಕೊಂಡ ಕನ್ನಡಿಗ ಬೇಡುವುದಿರಲಿ, ಬಾಯಿ ಬಿಡುವುದಕ್ಕೂ ನಾಚುತ್ತಾನೆ. ಆ ನಾಚಿಕೆಯನ್ನು ಪೋಷಿಸಿದವರು ನಾವು, ಸಂಘಗಳನ್ನು ನಡೆಸುವವರು, ಎಂಬುದು ನನ್ನ ಆರೋಪ.

2019ರ ವಾಹನೋದ್ಯಮದ ಹಿಂಜರಿತ, ಅದರ ಬೆನ್ನಿಗೇ ಬಂದ 2020ರ ಲಾಕ್‌ಡೌನ್, ಎರಡೂ ಮೊದಲು ಬಡಿದದ್ದು ಗುತ್ತಿಗೆ ಕಾರ್ಮಿಕರನ್ನು. ಅಂಥವನು ಊಟದ ಡಬ್ಬಿ ಹಿಡಿದು ಎಂದಿನಂತೆ ಮನೆ ಬಿಡುತ್ತಾನೆ; ಸಂಜೆಯವರೆಗೆ ಎಲ್ಲೆಲ್ಲೋ ಅಲೆದು ಹಿಂದಿರುಗುತ್ತಾನೆ. ರಾಜ್ಯೋತ್ಸವದ ಚಂದಾ ಕೊಡಲಾಗದೆ ಸಂಘಕ್ಕೆ ಬರುವುದನ್ನು ನಿಲ್ಲಿಸುತ್ತಾನೆ. ನಾವು ‘ಈಚೆಗೆ ಕಾಣುವುದೇ ಇಲ್ಲ’ ಎಂದು ಆಡಿಕೊಂಡು, ಮುಂದಿನ ವರ್ಷದ ಸದಸ್ಯರ ಪಟ್ಟಿಯಿಂದ ಅವನ ಹೆಸರನ್ನು ಹೊಡೆದುಹಾಕುತ್ತೇವೆ.

ಈ ಮೌನಕ್ಕೆ ತೆರಬೇಕಾದ ಬೆಲೆ ಸಣ್ಣದಲ್ಲ. ಹಿಂಬಡ್ತಿಯ ಭಯ, ವರ್ಗಾವಣೆಯ ಬೆದರಿಕೆ ತೋರಿಸಿ ಆಡಳಿತದವರು ಮುಂದಿಡುವುದು ಬಹುತೇಕ ರಾಜೀನಾಮೆ ಪತ್ರವನ್ನು. ಮರಾಠಿಯಲ್ಲೋ ಇಂಗ್ಲಿಷಿನಲ್ಲೋ ಇರುವ ಆ ಕಾಗದಕ್ಕೆ ನಮ್ಮವನು ಓದದೆ ಸಹಿ ಹಾಕುತ್ತಾನೆ. ಆ ಒಂದು ಸಹಿಯಿಂದ ಅವನು ಕಾನೂನಿನ ಕಣ್ಣಿಗೆ ‘ಕೆಲಸದಿಂದ ತೆಗೆಯಲ್ಪಟ್ಟವ’ನಾಗದೆ ‘ತಾನಾಗಿ ಬಿಟ್ಟವ’ನಾಗುತ್ತಾನೆ. ಒಂದು ವರ್ಷ ಸತತ ದುಡಿದ ಕಾರ್ಮಿಕನನ್ನು ತೆಗೆಯುವಾಗ ಒಂದು ತಿಂಗಳ ನೋಟೀಸು ಇಲ್ಲವೇ ಅದರ ವೇತನ, ಜೊತೆಗೆ ಪ್ರತಿ ಪೂರ್ಣ ವರ್ಷಕ್ಕೆ 15 ದಿನಗಳ ಸರಾಸರಿ ವೇತನ ಕೊಡಬೇಕೆಂದು 1947ರ ಕೈಗಾರಿಕಾ ವಿವಾದ ಕಾಯ್ದೆ ವಿಧಿಸಿತ್ತು. ಅದರ ಸ್ಥಾನಕ್ಕೆ 2025ರ ನವೆಂಬರ್ 21ರಂದು ಬಂದ ಕೈಗಾರಿಕಾ ಸಂಬಂಧಗಳ ಸಂಹಿತೆಯೂ ಇದನ್ನು ಉಳಿಸಿಕೊಂಡಿದೆ. ಆದರೆ ಸರ್ಕಾರದ ಪೂರ್ವಾನುಮತಿ ಬೇಕಾದ ಕಾರ್ಖಾನೆಯ ಮಿತಿಯನ್ನು ಅದು 100 ಕಾರ್ಮಿಕರಿಂದ 300ಕ್ಕೆ ಏರಿಸಿತು. ಅಂದರೆ ಸಣ್ಣ ಘಟಕದ ಮಾಲೀಕನಿಗೆ ತೆಗೆದುಹಾಕುವುದು ಸುಲಭವಾಯಿತು. ಸಹಿಯ ಮುನ್ನ ಯೋಚಿಸುವುದು ನಮ್ಮವನಿಗೆ ಇನ್ನಷ್ಟು ಅಗತ್ಯವಾಯಿತು.

ಕೈಗೆ ಬಂದ ಹಣದ ವಿಷಯದಲ್ಲಿಯೂ ಮೌನವೇ ಶತ್ರು. ಮನೆಯವಳಿಂದ ಮುಚ್ಚಿಟ್ಟವನು ಮೊದಲ ತಿಂಗಳಲ್ಲಿಯೇ ಕೈಸಾಲಕ್ಕೆ ಹೋಗುತ್ತಾನೆ. ಬಡ್ಡಿ ಮುಂದಿನದನ್ನು ನುಂಗುತ್ತದೆ. ಬಾಡಿಗೆ, ಮಕ್ಕಳ ಶುಲ್ಕ, ದಿನಸಿ ಇವುಗಳನ್ನು ಮುಂದಿಟ್ಟುಕೊಂಡು ಗಂಡಹೆಂಡಿರು ಮೊದಲ ವಾರದಲ್ಲೇ ಲೆಕ್ಕ ಬರೆದರೆ ಉಳಿದ ಹಣ ಎಷ್ಟು ತಿಂಗಳ ಅನ್ನವೆಂಬುದು ತಿಳಿಯುತ್ತದೆ. ಹತ್ತು ವರ್ಷ ತುಂಬುವ ಮುನ್ನ ಭವಿಷ್ಯನಿಧಿಯ ಪಿಂಚಣಿ ಭಾಗವನ್ನು ಹಿಂಪಡೆದವನು ಅಷ್ಟು ವರ್ಷಗಳ ಸೇವೆಯನ್ನೇ ಅಳಿಸಿಕೊಂಡಂತೆ. ಅದನ್ನು ಹೊಸ ಕೆಲಸಕ್ಕೆ ವರ್ಗಾಯಿಸಿಕೊಳ್ಳಬಹುದೆಂದು ಅವನಿಗೆ ಯಾರು ಹೇಳಬೇಕು?

ಹೊಸ ಕೆಲಸ ಹುಡುಕುವಲ್ಲಿ ಇನ್ನೊಂದು ಮಿಥ್ಯೆ: ‘ಇಲ್ಲಿ ಮರಾಠಿಗರಿಗೆ ಮಾತ್ರ.’ ಸ್ಥಳೀಯರಿಗೆ ಶೇ. 80 ಎಂಬ ಮಹಾರಾಷ್ಟ್ರದ ನೀತಿಯ ಅಳತೆಗೋಲು 15 ವರ್ಷಗಳ ವಾಸ, ಮಾತೃಭಾಷೆಯಲ್ಲ. ವಾಸ ದೃಢೀಕರಣ ಪತ್ರ ಮಾಡಿಸಿಟ್ಟುಕೊಂಡ ಕನ್ನಡಿಗನೂ ಸ್ಥಳೀಯನೇ. ‘ಊರಿಗೆ ಹೋದರಾಯಿತು’ ಎನ್ನುವವರು ಇದನ್ನೂ ನೆನೆಯಲಿ: 2024ರ ಜುಲೈನಲ್ಲಿ ಕರ್ನಾಟಕದ ಸಚಿವ ಸಂಪುಟ ಒಪ್ಪಿ ಮರುಗಳಿಗೆಗೆ ತಡೆಹಿಡಿದ ಸ್ಥಳೀಯರ ಉದ್ಯೋಗ ಮಸೂದೆಯೂ ಕೇಳಿದ್ದು ಅಲ್ಲಿಯ 15 ವರ್ಷಗಳ ವಾಸವನ್ನೇ. ಹೊರನಾಡಿನಲ್ಲಿ ಬೆಳೆದ ನಮ್ಮ ಮಕ್ಕಳನ್ನು ತಾಯ್ನಾಡು ಕಾದು ಕುಳಿತಿಲ್ಲ.

‘ಸಂಘ ಸಾಂಸ್ಕೃತಿಕ ಸಂಸ್ಥೆ, ಕಾರ್ಮಿಕ ಸಂಘಟನೆಯಲ್ಲ’ ಎಂದು ಹಿರಿಯರು ಹೇಳಬಹುದು. ಹಾಗಾದರೆ ಮುಂಬಯಿಯ ಹಿರಿಯರು ಮಾಡಿದ್ದೇನು? ಹೋಟೆಲುಗಳಲ್ಲಿ ಲೋಟ ತೊಳೆದ ಹುಡುಗರಿಗೆ ಅವರು ರಾತ್ರಿಶಾಲೆ ತೆರೆದರು. ಬಿಲ್ಲವರು 1978ರಲ್ಲಿ ಭಾರತ್ ಸಹಕಾರಿ ಬ್ಯಾಂಕನ್ನೇ ಕಟ್ಟಿದರು. ಯಕ್ಷಗಾನವನ್ನೂ ಬಿಡಲಿಲ್ಲ, ಅನ್ನದ ಪ್ರಶ್ನೆಯನ್ನೂ ಬಿಡಲಿಲ್ಲ. ಅನ್ನದಿಂದ ಬೇರ್ಪಟ್ಟ ಸಂಸ್ಕೃತಿಯನ್ನು ನಮಗೆ ಕಲಿಸಿದವರು ಅವರಲ್ಲ.

ನಾನು ಕೇಳುವುದು ಹೆಚ್ಚೇನಲ್ಲ. ರಾಜ್ಯೋತ್ಸವದ ಖರ್ಚಿನ ಹತ್ತರಲ್ಲೊಂದು ಪಾಲು ಬಡ್ಡಿಯಿಲ್ಲದ ಆಪತ್ ನಿಧಿಗೆ. ಯಾವ ಕಾರ್ಖಾನೆಯಲ್ಲಿ ಜಾಗ ಖಾಲಿಯಿದೆ, ಯಾವ ಸದಸ್ಯನಿಗೆ ಯಾವ ಕೆಲಸ ಬರುತ್ತದೆ ಎಂದು ಬರೆದಿಡುವ ಒಂದು ದಪ್ಪ ಪುಸ್ತಕ. ಭಾನುವಾರ ಎರಡು ಗಂಟೆ ಕುಳಿತು ಕಾಗದ ಓದಿ ಹೇಳಬಲ್ಲ ಒಬ್ಬ ವಕೀಲ. ನಿರುದ್ಯೋಗಿ ಸದಸ್ಯನಿಗೆ ಆ ವರ್ಷದ ಚಂದಾ ಮಾಫಿ. ಮುಂದಿನ ನವೆಂಬರ್‌ನಲ್ಲಿ ತಾಯಿ ಭುವನೇಶ್ವರಿಯ ಚಿತ್ರಕ್ಕೆ ಹಾರ ಹಾಕುವ ಮೊದಲು ಹಿಂದಿನ ಸಾಲಿನತ್ತ ಒಮ್ಮೆ ನೋಡೋಣ: ಈ ವರ್ಷ ಯಾರು ಬಂದಿಲ್ಲ, ಏಕೆ ಬಂದಿಲ್ಲ? ಸಭೆ ಮುಗಿಸಿ ಮನೆಗೆ ಹೋಗುವ ಮುನ್ನ ಅವರ ಮನೆಯ ಬಾಗಿಲು ತಟ್ಟೋಣ.