‘ಆಯಾಸ’ ಎಂದರೆ ಇಲ್ಲಿ ಉಬ್ಬಸ

ಕಚೇರಿಯಲ್ಲಿ ನಡುರಾತ್ರಿ ಸರ್ವರ್ ಕೆಟ್ಟರೆ ಮೊದಲು ಯಾರಿಗೆ ಫೋನ್ ಮಾಡಬೇಕು, ಏನು ಹೇಳಬೇಕು ಎಂಬುದನ್ನು ನಾವು ಐ.ಟಿ. ಮಂದಿ ಬರೆದಿಟ್ಟಿರುತ್ತೇವೆ. ಆದರೆ ಮನೆಯಲ್ಲಿ ಜ್ವರ ಬಂದ ಅಪ್ಪನಿಗೋ ಅಮ್ಮನಿಗೋ ಉಸಿರು ಸಿಕ್ಕಿಕೊಂಡರೆ ಏನು ಮಾಡಬೇಕೆಂದು ಎಷ್ಟು ಮಂದಿ ಬರೆದಿಟ್ಟಿದ್ದೇವೆ? ನಾನಿರುವ ಹೈದರಾಬಾದಿನಲ್ಲಿ, ಊರಿನಿಂದ ಬಂದ ಹಿರಿಯರು ಹಗಲೆಲ್ಲ ಫ್ಲಾಟಿನಲ್ಲಿ ಇಬ್ಬರೇ ಇರುವ ಕನ್ನಡದ ಮನೆಗಳು ಬೇಕಾದಷ್ಟಿವೆ.

ಕಳೆದ ಮಳೆಗಾಲದಲ್ಲಿ ನಮ್ಮ ಅಪಾರ್ಟ್‌ಮೆಂಟಿಗೆ ಹಾಸನದ ಕಡೆಯಿಂದ ಬಂದಿದ್ದ ಹಿರಿಯರೊಬ್ಬರಿಗೆ ಮೂರು ದಿನ ಜ್ವರವಿತ್ತು. ಕ್ಲಿನಿಕ್ಕಿನಲ್ಲಿ ನರ್ಸ್ ತೆಲುಗಿನಲ್ಲಿ ‘ಆಯಾಸಂ ಉಂದಾ?’ ಎಂದು ಕೇಳಿದರು. ‘ಇಲ್ಲಮ್ಮ, ಆಯಾಸ ಏನಿಲ್ಲ’ ಎಂದರು ಆ ತಾಯಿ. ನಮಗೆ ಆಯಾಸವೆಂದರೆ ದಣಿವು. ತೆಲುಗಿನಲ್ಲಿ ಅದು ಏದುಸಿರು. ಅತ್ತೆ ಒಂದು ಮಾತನ್ನೂ ಒಂದೇ ಉಸಿರಿನಲ್ಲಿ ಮುಗಿಸುತ್ತಿಲ್ಲ ಎಂಬುದನ್ನು ಗಮನಿಸಿದ್ದ ಸೊಸೆ ಅದನ್ನು ಹೇಳಿದ ಮೇಲೆಯೇ ಬೆರಳಿಗೆ ಆಕ್ಸಿಮೀಟರ್ ಹಾಕಿದ್ದು. ತೋರಿಸಿದ್ದು 88. ಆಮ್ಲಜನಕ ಕೊಟ್ಟು ಆಂಬುಲೆನ್ಸಿನಲ್ಲಿ ಆಸ್ಪತ್ರೆಗೆ ಕಳಿಸಿದರು. ನ್ಯುಮೋನಿಯಾ. ವಾರದಲ್ಲಿ ಗುಣವಾಗಿ ಮನೆಗೆ ಬಂದರು.

ಜ್ವರದ ಜೊತೆ ಏದುಸಿರು ಬಂದರೆ ‘ನಾಳೆ ನೋಡೋಣ’ ಎನ್ನುವಂತಿಲ್ಲ. ವಿಶ್ರಾಂತಿಯಲ್ಲಿರುವ ವಯಸ್ಕರು ನಿಮಿಷಕ್ಕೆ ಸುಮಾರು 12ರಿಂದ 20 ಬಾರಿ ಉಸಿರಾಡುತ್ತಾರೆ. ಅದು 30 ದಾಟಿದರೆ, ಆಕ್ಸಿಮೀಟರ್ 90ಕ್ಕಿಂತ ಕೆಳಗೆ ತೋರಿಸಿದರೆ, ತುಟಿ ನೀಲಿಗಟ್ಟಿದರೆ ತಕ್ಷಣ ಆಂಬುಲೆನ್ಸ್ ಕರೆಯಬೇಕು. ವಯಸ್ಸಾದವರಲ್ಲಿ ಜ್ವರ ಹೆಚ್ಚಿಲ್ಲದೆಯೂ ನ್ಯುಮೋನಿಯಾ ಇರಬಹುದು. ಇದ್ದಕ್ಕಿದ್ದಂತೆ ತಡಬಡಿಸಿ ಮಾತಾಡುವುದೇ ಮೊದಲ ಸುಳಿವಾಗಬಹುದು. ಬೆರಳು ತಣ್ಣಗಿದ್ದರೆ, ನೇಲ್ ಪಾಲಿಶ್ ಇದ್ದರೆ ಆಕ್ಸಿಮೀಟರ್ ತಪ್ಪು ತೋರಿಸುತ್ತದೆ. ಹಾಗಾಗಿ ಯಂತ್ರದ ಅಂಕಿ ಚೆನ್ನಾಗಿದ್ದರೂ ಮನುಷ್ಯ ಒದ್ದಾಡುತ್ತಿದ್ದರೆ ಕಾಯಬಾರದು.

108 ಸೇವೆ ಆರಂಭವಾದದ್ದು ಇದೇ ಹೈದರಾಬಾದಿನಲ್ಲಿ, 2005ರ ಆಗಸ್ಟ್ 15ರಂದು. ನಮ್ಮ ಕರ್ನಾಟಕಕ್ಕೆ ‘ಆರೋಗ್ಯ ಕವಚ’ವಾಗಿ ಬಂದದ್ದು 2008ರಲ್ಲಿ. ತುರ್ತಿಗೆ 112 ಕೂಡ ಇದೆ. ಫೋನ್ ಎತ್ತಿದವರಿಗೆ ಮೊದಲು ವಿಳಾಸ ಮತ್ತು ಹತ್ತಿರದ ಗುರುತು, ಆಮೇಲೆ ವಯಸ್ಸು, ‘ಜ್ವರವಿದೆ, ಉಸಿರಾಡಲು ಆಗುತ್ತಿಲ್ಲ’ ಎಂಬ ಮಾತು. ಅವರು ಹೇಳುವವರೆಗೆ ಫೋನ್ ಇಡಬೇಡಿ. ಗಾಡಿ ಬರುವ ತನಕ ರೋಗಿಯನ್ನು ಬಲವಂತವಾಗಿ ಮಲಗಿಸದೆ, ದಿಂಬು ಒರಗಿಸಿ ಕೂರಿಸಿ. ಬಿಗಿ ಬಟ್ಟೆ ಸಡಿಲಿಸಿ, ಏದುಸಿರಿನಲ್ಲಿ ಕಾಫಿ, ಗಂಜಿ ಕುಡಿಸಬೇಡಿ. ಒಬ್ಬರು ಕೆಳಗೆ ಗೇಟಿನ ಬಳಿ ನಿಂತಿರಲಿ. ಮಾತ್ರೆಗಳ ಚೀಟಿ ಜೊತೆಗಿರಲಿ.

ನಮ್ಮ ಕನ್ನಡ ಸಂಘಗಳು ರಾಜ್ಯೋತ್ಸವವನ್ನು ಸಂಭ್ರಮದಿಂದ ಮಾಡುತ್ತವೆ, ಮಾಡಲಿ. ಅದರ ಜೊತೆಗೆ ಒಂದು ಪುಟದ ಕಾರ್ಡು ಅಚ್ಚು ಹಾಕಿಸಿ ಮನೆಮನೆಗೆ ಕೊಡಲಿ. ಒಂದು ಬದಿ ಕನ್ನಡ, ಇನ್ನೊಂದು ಬದಿ ಆಯಾ ಊರಿನ ಭಾಷೆ: ಇಲ್ಲಿ ತೆಲುಗು, ಪುಣೆಯಲ್ಲಿ ಮರಾಠಿ, ಚೆನ್ನೈಯಲ್ಲಿ ತಮಿಳು. ವಿಳಾಸ, ಕಾಯಿಲೆ, ಔಷಧಿ, ಅಲರ್ಜಿ, ಮಕ್ಕಳ ನಂಬರು, ಕನ್ನಡ ಬಲ್ಲ ಹತ್ತಿರದ ವೈದ್ಯರ ಹೆಸರು, ಜೊತೆಗೆ ‘ಉಸಿರಾಡಲು ಆಗುತ್ತಿಲ್ಲ’ ಎಂಬ ಒಂದು ವಾಕ್ಯ. ಅಪ್ಪ ಅಮ್ಮ ಅದನ್ನು ಓದಿ ಹೇಳಲಾಗದಿದ್ದರೂ ಪಕ್ಕದ ಮನೆಯವರಿಗೆ ತೋರಿಸಬಲ್ಲರು. ನಮ್ಮನ್ನು ನಂಬಿ ಪರಭಾಷೆಯ ಊರಿಗೆ ಬಂದವರಿಗೆ ಇಷ್ಟನ್ನಾದರೂ ನಾವು ಮಾಡಿಕೊಡಬೇಕು.