ಅಡ್ರಿನೋಕ್ರೋಮ್ ಮತ್ತು ಮಕ್ಕಳ ಕಳ್ಳರು

ರಾಯಬಾಗ, ಕಾಗವಾಡಗಳ ಕಬ್ಬಿನ ಹೊಲಗಳಲ್ಲಿ ಹಾವು ಕಚ್ಚಿದವರನ್ನು ಆಸ್ಪತ್ರೆಗೆ ಹೊತ್ತು ತಂದಾಗ, ವಿಷನಿರೋಧಕ ಚುಚ್ಚುಮದ್ದು ಮೈಗೆ ಒಗ್ಗದೆ ರಕ್ತದೊತ್ತಡ ಕುಸಿದರೆ ಬೇಕಾದೀತೆಂದು ವೈದ್ಯರು ಪಕ್ಕದಲ್ಲಿಯೇ ಇರಿಸಿಕೊಳ್ಳುವ ಔಷಧ ಅಡ್ರಿನಲಿನ್. ಗಾಳಿ ಬೆಳಕುಗಳಿಗೆ ಈಡಾದರೆ ಅದು ಗುಲಾಬಿ ಬಣ್ಣಕ್ಕೆ ತಿರುಗಿ, ಬಳಿಕ ಕಂದುಗಟ್ಟುವುದು. ಬಣ್ಣಗೆಟ್ಟುದನ್ನು ದಾದಿಯರು ಎಸೆದುಬಿಡುವರು. ಆಮ್ಲಜನಕದ ಸಂಸರ್ಗದಿಂದ ಅಡ್ರಿನಲಿನ್ ಅಣುವು ನಾಲ್ಕು ಜಲಜನಕ ಪರಮಾಣುಗಳನ್ನು ಕಳೆದುಕೊಂಡಾಗ ಹುಟ್ಟುವ ಆ ವರ್ಣದ್ರವ್ಯವೇ ಅಡ್ರಿನೋಕ್ರೋಮ್. ಗಾಣದಿಂದಿಳಿದ ಕಬ್ಬಿನ ಹಾಲು ಹೊತ್ತೇರಿದಂತೆ ಕಪ್ಪಿಡುವುದರಲ್ಲಿಯೂ ಇದೇ ಜಾತಿಯ ಕ್ರಿಯೆಯುಂಟು.

1950ರ ದಶಕದಲ್ಲಿ ಕೆನಡಾದಲ್ಲಿ ಹಾಫರ್ ಮತ್ತು ಆಸ್ಮಂಡ್ ಎಂಬ ವೈದ್ಯರು ಚಿತ್ತವಿಕಲತೆಗೆ ಇದೇ ಕಾರಣವಿರಬಹುದೆಂದು ಊಹಿಸಿದರು. ಊಹೆ ಪರೀಕ್ಷೆಗೆ ನಿಲ್ಲಲಿಲ್ಲ, ಆದರೆ ಈ ವಸ್ತುವಿನ ಹೆಸರು ಲೇಖಕರ ಕೈಗೆ ಸಿಕ್ಕಿತು. 2017ರ ಅನಂತರ ಅಮೆರಿಕದಲ್ಲಿ, ಹೆದರಿದ ಮಕ್ಕಳ ರಕ್ತದಿಂದ ಇದನ್ನು ಹಿಂಡಿ ಧನಿಕರು ಯೌವನಕ್ಕಾಗಿ ಸೇವಿಸುತ್ತಾರೆಂಬ ಘೋರ ಕಥೆಯೂ ಹಬ್ಬಿತು. ಅಡ್ರಿನಲಿನ್ನನ್ನು 1904ರಲ್ಲಿಯೇ ಜರ್ಮನಿಯ ಸ್ಟೋಲ್ಟ್ಸ್ ಪ್ರಯೋಗಶಾಲೆಯಲ್ಲಿ ಸಂಶ್ಲೇಷಿಸಿದ್ದನೆಂಬುದಾಗಲಿ, ರಕ್ತದಲ್ಲಿ ಅದು ಕೆಲವೇ ನಿಮಿಷಗಳಲ್ಲಿ ಕ್ಷಯಿಸುವುದೆಂಬುದಾಗಲಿ ಕಥೆಗಾರರಿಗೆ ಬೇಕಾಗಿರಲಿಲ್ಲ. ಅಡ್ರಿನೋಕ್ರೋಮಿನಿಂದ ತಯಾರಾದ ಒಂದು ಔಷಧವನ್ನು ನಮ್ಮ ದೇಶದಲ್ಲಿ ವೈದ್ಯರು ಬರೆದುಕೊಡುವುದುಂಟು. ರಕ್ತಪಿಪಾಸುಗಳ ಅಮೃತವೆನಿಸಿದ ಈ ವಸ್ತುವಿನಿಂದಾದ ಆ ಔಷಧದ ಉದ್ಯೋಗ, ಹರಿಯುವ ರಕ್ತವನ್ನು ನಿಲ್ಲಿಸುವುದು!

ನಕ್ಕು ಬಿಡಬಹುದಾಗಿತ್ತು. ಆದರೆ ಅಥಣಿಗೆ ಹೊಂದಿಕೊಂಡ ಜತ್ತ ತಾಲೂಕಿನ ಲವಂಗಾ ಗ್ರಾಮದಲ್ಲಿ 2022ರ ಸೆಪ್ಟೆಂಬರ್ 13ರಂದು, ವಿಜಯಪುರದಿಂದ ಪಂಢರಪುರಕ್ಕೆ ಹೊರಟಿದ್ದ ಉತ್ತರಪ್ರದೇಶದ ನಾಲ್ವರು ಸಾಧುಗಳು ಒಬ್ಬ ಹುಡುಗನನ್ನು ದಾರಿ ಕೇಳಿದ ಮಾತ್ರಕ್ಕೆ ಮಕ್ಕಳ ಕಳ್ಳರೆನಿಸಿ ಬಡಿಗೆ, ಪಟ್ಟಿಗಳ ಪೆಟ್ಟು ತಿಂದರು. ಬೀದರ ಜಿಲ್ಲೆಯ ಮುರ್ಕಿಯಲ್ಲಿ 2018ರ ಜುಲೈಯಲ್ಲಿ ಇದೇ ಶಂಕೆಗೆ ಹೈದರಾಬಾದಿನ ತರುಣನೊಬ್ಬನ ಪ್ರಾಣವೇ ಹೋಯಿತು. ಆ ಗುಂಪುಗಳಿಗೆ ರಸಾಯನಶಾಸ್ತ್ರದ ನೆವ ಬೇಕಾಗಿರಲಿಲ್ಲ. ನೆವವೂ ದೊರೆತರೆ ಏನಾದೀತೆಂಬುದೇ ನನ್ನ ಅಂಜಿಕೆ. ವದಂತಿ ಹಬ್ಬಿಸುವವರನ್ನು ಅಜ್ಞಾನಿಗಳೆಂದು ಬೈಯುವ ವಿದ್ಯಾವಂತರ ರೂಢಿಯಿಂದ ಪ್ರಯೋಜನವಿಲ್ಲ, ಏಕೆಂದರೆ ಮಗುವಿನ ಮೇಲಿನ ಮಮತೆಯೇ ಅಲ್ಲಿ ಕಲ್ಲನ್ನು ಎತ್ತಿಸುವುದು. ಅದಕ್ಕೆ ಬೇಕಾದುದು ಬೈಗುಳವಲ್ಲ, ನಂಬತಕ್ಕವರ ಬಾಯಿಂದ ಬರುವ ನೇರವಾದ ಸುದ್ದಿ. ಊರಿನ ಆಶಾ ಕಾರ್ಯಕರ್ತೆಯೂ ಶಾಲೆಯ ವಿಜ್ಞಾನದ ಮಾಸ್ತರರೂ ಆ ಮಾತನ್ನು ಆಡಬಲ್ಲರು. ನಿಪ್ಪಾಣಿ, ಚಿಕ್ಕೋಡಿಗಳ ಮನೆಗಳಲ್ಲಿ ಎರಡು ಭಾಷೆಗಳು ಓಡಾಡುವುದರಿಂದ, ಆಷಾಢದ ದಿಂಡಿಗಳು ಹೊರಡುವ ಮೊದಲೇ ಪೊಲೀಸರು ಕನ್ನಡದಲ್ಲಿಯೂ ಮರಾಠಿಯಲ್ಲಿಯೂ ಊರೂರಿಗೆ ಡಂಗುರ ಸಾರಿಸಲಿ.